ಬೆರಳಿಗೆ ಗೊತ್ತಾಗುವ ಅರ್ಧ ಮಿಲಿಮೀಟರ್

ಹಳೆಯ ಕಾರಿನ ಸ್ಟೀರಿಂಗ್ ಮೇಲಿನ ಚರ್ಮ ಮಿರಮಿರನೆ ಮಿಂಚುತ್ತಿದ್ದರೆ ಮಾರುವವರು ಅದನ್ನೇ ಹೆಚ್ಚುಗಾರಿಕೆ ಎಂಬಂತೆ ತೋರಿಸುತ್ತಾರೆ. ಆ ಮಿಂಚು ಚರ್ಮದ್ದಲ್ಲ. ವರ್ಷಗಟ್ಟಲೆ ಅಂಗೈಗಳಿಂದ ಇಳಿದ ಬೆವರು, ಜಿಡ್ಡು, ರಸ್ತೆಯ ಧೂಳು ಒಂದರ ಮೇಲೊಂದು ಕೂತು ಗಟ್ಟಿಯಾದ ಕೊಳೆ ಅದು. ಕಾರ್ಖಾನೆಯಿಂದ ಹೊರಬಿದ್ದ ದಿನ ಸ್ಟೀರಿಂಗಿನ ಚರ್ಮ ಮಂಕಾಗಿಯೇ ಇರುತ್ತದೆ. ನನ್ನ 1982ರ ಮರ್ಸಿಡಿಸ್ 300 ಡಿ ಕೈಗೆ ಬಂದಾಗ ಅದರ ಸ್ಟೀರಿಂಗ್ ಎರಡೂ ಪಕ್ಕದಲ್ಲಿ ಥಳಥಳಿಸುತ್ತಿತ್ತು. ಗಾಜಿನಿಂದ ನೇರ ಬಿಸಿಲು ಬೀಳುವ ಮೇಲ್ಭಾಗದಲ್ಲಿ ಮಾತ್ರ ಒಣಗಿ ಬಿರಿದಿತ್ತು. ಕೊರೊನಾ ಕಾಲದಲ್ಲಿ ಹಿಂದಿನ ಮಾಲೀಕರು ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲೇ ಅದನ್ನು ಹಿಡಿದು ಓಡಿಸಿದ್ದರಂತೆ. ಸ್ಯಾನಿಟೈಸರಿನ ಮುಕ್ಕಾಲು ಪಾಲು ಆಲ್ಕೊಹಾಲ್. ಚರ್ಮದ ಮೇಲೆ ಕಾರ್ಖಾನೆಯವರು ಕೊಟ್ಟ ತೆಳು ಲೇಪನವನ್ನು ಅದು ಮೆತ್ತಗಾಗಿಸಿ, ಅಂಟಂಟಾಗಿಸಿ, ಕೊನೆಗೆ ಎಬ್ಬಿಸಿಬಿಡುತ್ತದೆ.

ಡಬ್ಲ್ಯು 123 ಎಂಬ ಈ ಮಾದರಿ 1976ರಿಂದ 1986ರ ಆರಂಭದವರೆಗೆ ಸುಮಾರು 27 ಲಕ್ಷ ತಯಾರಾಯಿತು. ಚರ್ಮದ ಸ್ಟೀರಿಂಗ್ ಬೇಕೆಂದವರು ಹೆಚ್ಚಿನ ಹಣ ಕೊಡಬೇಕಿತ್ತು. ಇಲ್ಲದಿದ್ದರೆ ಪ್ಲಾಸ್ಟಿಕ್ಕಿನದೇ ಗತಿ. ನನ್ನ ಕಾರನ್ನು ಮೊದಲು ಕೊಂಡ ಪುಣ್ಯಾತ್ಮರು ಯಾರೋ ಕೊಟ್ಟಿದ್ದರು. ಅವರ ಖರ್ಚನ್ನು ಹಾಳು ಮಾಡಲು ನನಗೆ ಮನಸ್ಸಿರಲಿಲ್ಲ.

ಬಿಚ್ಚುವುದಕ್ಕೆ ಮೊದಲು ತೊಳೆದು ನೋಡಿದೆ. ಕ್ಷಾರವಿಲ್ಲದ ಸಾಬೂನಿನ ನೊರೆ, ಮೃದುವಾದ ಬ್ರಷ್, ಹಿಂಡಿದ ಬಟ್ಟೆ. ನೀರು ಸುರಿಯುವಂತಿಲ್ಲ, ನೊರೆ ಮಾತ್ರ ಸಾಕು. ಮೊದಲ ಬಟ್ಟೆಗೆ ಹತ್ತಿದ್ದು ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ನಿನ ಬಣ್ಣ. ಎರಡನೆಯದಕ್ಕೂ ಅದೇ. ಬಟ್ಟೆ ಬಹುಮಟ್ಟಿಗೆ ಬಿಳಿಯಾಗಿ ಬರುವ ಹೊತ್ತಿಗೆ ಸ್ಟೀರಿಂಗಿನ ಕೆಳಗಿನ ಅರ್ಧ ಎಚ್ಚರಗೊಂಡಿತ್ತು: ಮಂಕು ಕಪ್ಪು, ಹತ್ತಿರದಿಂದ ನೋಡಿದರೆ ಚರ್ಮದ ಸಣ್ಣ ಸಣ್ಣ ರಂಧ್ರಗಳು. ಮೇಲಿನ ಅರ್ಧದಲ್ಲಿ ಕೊಳೆಯೊಂದಿಗೆ ಲೇಪನವೂ ಕಿತ್ತು ಬಂದು, ಅಡಿಯ ಬೂದು ನಾರು ಎದ್ದು ನಿಂತಿತು.

ಇಷ್ಟಕ್ಕೇ ಚರ್ಮ ಬದಲಿಸಬೇಕಾಗಿಲ್ಲ. ನಾರು ಗಟ್ಟಿಯಾಗಿದ್ದರೆ 600, ಆಮೇಲೆ 1000 ನಂಬರಿನ ಮರಳು ಕಾಗದದಲ್ಲಿ ಹಗುರವಾಗಿ ತೀಡಿ, ನಾರನ್ನು ಬಿಗಿಯುವ ದ್ರವವನ್ನು ಇಂಗಿಸಿ, ಬಿರುಕಿಗೆ ಚರ್ಮದ ಫಿಲ್ಲರನ್ನು ತೆಳುವಾಗಿ ಪದರ ಪದರವಾಗಿ ತುಂಬಿ, ನೀರಿನ ಆಧಾರದ ಚರ್ಮದ ಬಣ್ಣವನ್ನು ಸ್ಪಂಜಿನಿಂದ ಒತ್ತಿ, ಮೇಲೊಂದು ಹೊಳಪಿಲ್ಲದ ಲೇಪನ ಕೊಟ್ಟರೆ ಸ್ಟೀರಿಂಗ್ ಇನ್ನೂ ಹಲವು ವರ್ಷ ಬಾಳುತ್ತದೆ. ನನ್ನ ಮಟ್ಟಿಗೆ ಹೊಸ ಚರ್ಮಕ್ಕಿಂತ ಇದೇ ಒಳ್ಳೆಯ ದಾರಿ. ಅಸಲು ಚರ್ಮ, ಅಸಲು ಹೊಲಿಗೆ, ಅಸಲು ದಪ್ಪ ಎಲ್ಲವೂ ಉಳಿಯುತ್ತವೆ. ಆದರೆ ಒಳಸುತ್ತಿನ ಹೊಲಿಗೆಯ ಮೇಲೆ ಉಗುರಾಡಿಸಿದೆ. ದಾರ ಪುಡಿಪುಡಿಯಾಗಿ ಉದುರಿತು. ಚರ್ಮದ ಎರಡು ಅಂಚುಗಳು ಬೇರ್ಪಟ್ಟು, ನಡುವೆ ಹಳದಿ ಫೋಮ್ ಇಣುಕಿತು. ಹೊಲಿಗೆ ಸತ್ತ ಮೇಲೆ ಕುಗ್ಗಿಹೋದ ಹಳೆಯ ಚರ್ಮವನ್ನು ಮತ್ತೆ ಎಳೆದು ಹೊಲಿಯಲು ಹೊರಟರೆ ಅಂಚು ಹರಿಯುತ್ತದೆ. ಬದಲಿಸಲೇಬೇಕಾಯಿತು.

ಸ್ಟೀರಿಂಗ್ ಬಿಚ್ಚಿ ವಿದೇಶಕ್ಕೆ ಕಳುಹಿಸಿ, ಚರ್ಮ ಹೊದಿಸಿಕೊಂಡು ತರಿಸುವವರಿದ್ದಾರೆ. ಹೋಗಿ ಬರುವ ಸಾಗಣೆ, ಮೇಲೆ ಸುಂಕ ಸೇರಿಸಿದರೆ ಎರಡು ಒಳ್ಳೆಯ ಟೈರುಗಳ ಬೆಲೆ ದಾಟುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಅಲ್ಲಿಯವರು ಸೀಟ್ ಕವರ್ ಹೊಲಿಯುವುದರಲ್ಲಿ ಪಳಗಿದ ಕೈಗಳು, ಅದರಲ್ಲಿ ಎರಡು ಮಾತಿಲ್ಲ. ಸ್ಟೀರಿಂಗ್ ಎಂದರೆ ಮಾತ್ರ ಅವರ ಅಭಿರುಚಿಯೇ ಬೇರೆ. ಒಂದು ಅಂಗಡಿಯಲ್ಲಿ ಕಾರಿನಿಂದ ಬಿಚ್ಚುವುದೇ ಬೇಡ, ಕೂತಲ್ಲೇ ಹೊಲಿದು ಕೊಡುತ್ತೇವೆ ಎಂದರು. ಇನ್ನೊಂದರಲ್ಲಿ ಅಡಿಗೆ ಮೂರು ಮಿಲಿಮೀಟರ್ ಫೋಮ್ ಹಾಕಿದರೆ ಹಿಡಿತ ದಪ್ಪಗೆ ಬರುತ್ತದೆ, ಪಕ್ಕಗಳಿಗೆ ತೂತು ತೂತಿನ ಚರ್ಮ, ಕೆಂಪು ದಾರ, ‘ಸ್ಪೋರ್ಟಿ’ ಎಂದರು. ನಲವತ್ತು ದಾಟಿದ ಡೀಸೆಲ್ ಕಾರಿಗೆ ಸ್ಪೋರ್ಟಿ! ಈ ಕಾರಿನ ಸ್ಟೀರಿಂಗ್ ದೊಡ್ಡದು, ಕೈಗೆ ಸಿಗುವ ಅದರ ಬಳೆ, ಅಂದರೆ ಹಿಡಿ, ಸಣ್ಣದು. ಬೆರಳ ತುದಿಯಲ್ಲಿ ಹಿಡಿದು ತಿರುಗಿಸಲೆಂದೇ ಹಾಗೆ ಮಾಡಿದ್ದು. ದಪ್ಪ ಮಾಡಿದರೆ ಮುಷ್ಟಿ ಕಟ್ಟಿ ಓಡಿಸಬೇಕಾಗುತ್ತದೆ, ದೂರದ ದಾರಿಯಲ್ಲಿ ಮಣಿಕಟ್ಟು ನೋಯುತ್ತದೆ. ಚರ್ಮದ ಬಣ್ಣ ತುಸು ಹೆಚ್ಚು ಕಡಿಮೆಯಾದರೆ ಕಣ್ಣು ಒಂದು ವಾರದಲ್ಲಿ ಮರೆಯುತ್ತದೆ. ಅರ್ಧ ಮಿಲಿಮೀಟರ್ ದಪ್ಪವಾದರೆ ಕೈ ಮರೆಯುವುದಿಲ್ಲ.

ಕೊನೆಗೆ ಗೆಳೆಯರೊಬ್ಬರು ತೋರಿಸಿಕೊಟ್ಟದ್ದು ಶಿವಾಜಿನಗರದ ಕಡೆಯ ಒಬ್ಬ ವಯಸ್ಸಾದ ಕುಶಲಿಯನ್ನು. ಜೀವಮಾನವೆಲ್ಲ ಕೈಯಲ್ಲಿ ಬೂಟು ಹೊಲಿದವರು, ಈಗ ಬ್ಯಾಗು, ಬೆಲ್ಟು ರಿಪೇರಿ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಸ್ಟೀರಿಂಗ್ ಎಂದಾಕ್ಷಣ ಅವರು ತಲೆಯಾಡಿಸಿದರು. “ಬಿಚ್ಚಿ ತನ್ನಿ ಸಾರ್. ಕಾರಿನೊಳಗೆ ಬಗ್ಗಿ ಕೂತು ಹೊಲಿಯುವ ವಯಸ್ಸು ನನ್ನದಲ್ಲ. ಅಳತೆ, ಉಜ್ಜುವುದು, ಅಂಟು ತೆಗೆಯುವುದು ನಿಮ್ಮ ಪಾಲು. ಅಂಚು ತೆಳು ಮಾಡುವುದು ನನ್ನ ಪಾಲು. ಹೊಲಿಗೆ ಇಬ್ಬರದು.” ನನಗೆ ಬೇಕಾಗಿದ್ದೂ ಅದೇ.

ಬಿಚ್ಚುವುದು ಈ ಕಾರಿನಲ್ಲಿ ಸುಲಭ. ನಡುವಿನ ದೊಡ್ಡ ಹಾರ್ನ್ ಪ್ಯಾಡನ್ನು ಮೂಲೆ ಹಿಡಿದು ಎಳೆದರೆ ಕಳಚಿ ಬರುತ್ತದೆ. ಒಳಗೆ 10 ಮಿಲಿಮೀಟರಿನ ಅಲೆನ್ ಕೀಗೆ ಸಿಗುವ ಒಂದೇ ಬೋಲ್ಟು. ಅದನ್ನು ಸಡಿಲಿಸುವಾಗ ಸ್ಟೀರಿಂಗ್ ಲಾಕಿನ ಆಸರೆ ಪಡೆಯಬಾರದು, ಲಾಕು ಮುರಿಯುತ್ತದೆ. ಇನ್ನೊಬ್ಬರು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರಬೇಕು. ಚಕ್ರಗಳು ನೇರವಿರುವಾಗ ಸ್ಟೀರಿಂಗ್ ಕೂರುವ ದಂಡಕ್ಕೂ ಸ್ಟೀರಿಂಗಿಗೂ ಒಂದೇ ಗೆರೆಯಲ್ಲಿ ಗುರುತು ಹಾಕಿ ಹೊರಗೆಳೆದೆ. ಏರ್‌ಬ್ಯಾಗ್ ಇರುವ ಕಾರಿನವರು ಇದನ್ನು ಓದಿ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ಅದರೊಳಗಿರುವುದು ಸಿಡಿಯುವ ವಸ್ತು; ಬ್ಯಾಟರಿ ಕಳಚಿ, ಕಾದು, ತಿಳಿದವರ ಕೈಯಲ್ಲೇ ಬಿಚ್ಚಿಸಬೇಕು. ಏರ್‌ಬ್ಯಾಗಿನ ಮುಚ್ಚಳದ ಮೇಲಂತೂ ಚರ್ಮ ಅಂಟಿಸಲೇಬಾರದು.

ಹಳೆಯ ಚರ್ಮವನ್ನು ಕಿತ್ತ ಸಂಜೆ ನನಗೆ ಬಹಳ ಇಷ್ಟವಾಯಿತು. ಹೊಲಿಗೆ ಬಿಚ್ಚುತ್ತ ಹೋದಂತೆ ದಾರದ ಸಂದಿಗಳಿಂದ ಕೆಂಪು ಪುಡಿ ಉದುರತೊಡಗಿತು. ತುಕ್ಕೆಂದು ಬೆರಳಿಗೆ ಹಚ್ಚಿ ನೋಡಿದರೆ ಕುಂಕುಮ. ಎಷ್ಟೋ ಆಯುಧಪೂಜೆಗಳದ್ದು, ಯಾವ ಯಾವ ಮನೆಯದ್ದೋ. ಅರಿಸಿನ, ಕುಂಕುಮ ಎರಡೂ ಚರ್ಮಕ್ಕೆ ಬಣ್ಣ ಕಚ್ಚಿಸುತ್ತವೆ. ಪ್ಯಾಡಿನ ಪಕ್ಕದ ಒಂದು ಮಚ್ಚೆ ಎಷ್ಟು ತೊಳೆದರೂ ಹೋಗದಿದ್ದುದು ಏಕೆಂದು ಆಗ ತಿಳಿಯಿತು. ನಡುವಿನಿಂದ ಹಿಡಿಗೆ ಚಾಚಿದ ಕಡ್ಡಿಗಳ ಬಳಿ ಚರ್ಮದ ಅಂಚು ಒಳಕ್ಕೆ ಮಡಚಿದ್ದ ಜಾಗದಲ್ಲಿ ಬಿಸಿಲನ್ನೂ ಬೆವರನ್ನೂ ಕಾಣದ ಒಂದು ಬೆರಳಗಲದ ಪಟ್ಟಿ ಇತ್ತು. ಅಸಲು ಬಣ್ಣ, ಅಸಲು ನಯ ಅಲ್ಲಿ ಹಾಗೇ ಉಳಿದಿದ್ದವು. ಆ ಪಟ್ಟಿಯನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡೆ. ಹೊಸ ಚರ್ಮ ಕೊಳ್ಳಲು ಹೋದಾಗ ಕೈಯಲ್ಲಿದ್ದ ಮಾದರಿ ಅದೇ.

ಅದೇ ಸಂಜೆ ಕಾರ್ಖಾನೆಯ ಹೊಲಿಗೆಯ ಗುಟ್ಟೂ ಕಂಡಿತು. ಎರಡು ಅಂಚುಗಳನ್ನು ಕೂಡಿಸುವ ದಾರ ಚರ್ಮವನ್ನು ಚುಚ್ಚಿಯೇ ಇರಲಿಲ್ಲ. ಚರ್ಮವನ್ನು ಹೊದಿಸುವ ಮೊದಲೇ ಎರಡೂ ಅಂಚಿಗೆ ಉದ್ದಕ್ಕೂ ಯಂತ್ರದ ಹೊಲಿಗೆ ಹಾಕಿದ್ದರು. ಆಮೇಲೆ ಕೈಸೂಜಿ ಆ ಹೊಲಿಗೆಯ ಒಂದೊಂದು ಕುಣಿಕೆಯನ್ನೂ ಎತ್ತಿಕೊಂಡು ಆಚೆಯ ಅಂಚಿಗೂ ಈಚೆಯ ಅಂಚಿಗೂ ಓಡಾಡಿತ್ತು. ಎಳೆತದ ಭಾರ ಸೂಜಿ ಚುಚ್ಚಿದ ಒಂದು ತೂತಿನ ಮೇಲೆ ಬೀಳದೆ ಇಡೀ ಅಂಚಿಗೆ ಹಂಚಿಹೋಗುತ್ತದೆ. ಉಸ್ತಾದರಿಗೆ ತೋರಿಸಿದಾಗ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಬುದ್ಧಿವಂತರ ಕೆಲಸ,” ಎಂದರು.

ಅಡಿಯ ಫೋಮನ್ನು ಸಿದ್ಧಪಡಿಸುವುದು ಬೇಸರದ ಕೆಲಸ. ಹಳೆಯ ಅಂಟನ್ನು ಕೆರೆಯಬೇಕು, ಆದರೆ ಫೋಮ್ ಕೀಳಬಾರದು. ಬಿರುಕುಗಳಿಗೆ ಕಾರಿನ ಹೊರಮೈಗೆ ಹಚ್ಚುವ ಗಟ್ಟಿ ಪುಟ್ಟಿ ತುಂಬಿದರೆ ಫೋಮ್ ಬಾಗಿದಾಗ ಅದು ಸಿಡಿಯುತ್ತದೆ. ಒಣಗಿದ ಮೇಲೂ ರಬ್ಬರಿನ ಹಾಗೆ ಬಾಗುವ ಪಾಲಿಯುರೆಥೇನ್ ತುಂಬಿದೆ. 120, 180, 240 ಕಾಗದದಲ್ಲಿ ಉಜ್ಜಿ, ಕಣ್ಣು ಮುಚ್ಚಿಕೊಂಡು ಬೆರಳಿನಲ್ಲಿ ಸುತ್ತ ಸವರಿ ನೋಡುವುದು, ಉಬ್ಬು ಸಿಕ್ಕಿದಲ್ಲಿ ಮತ್ತೆ ಉಜ್ಜುವುದು. ಒಂದು ಮಿಲಿಮೀಟರಿನ ಚರ್ಮ ಏನನ್ನೂ ಮುಚ್ಚಿಡುವುದಿಲ್ಲ.

ಚರ್ಮ ಕೊಳ್ಳಲು ಉಸ್ತಾದರೇ ಜೊತೆಗೆ ಬಂದರು. ವ್ಯಾಪಾರಿ ಮೊದಲು ಬಿಡಿಸಿ ಹಾಸಿದ್ದು ನೋಡಲು ಸೊಗಸಾಗಿತ್ತು, ಮೈಮೇಲೆ ಒಂದು ಕಲೆಯಿಲ್ಲ. ಉಸ್ತಾದರು ಅದರ ಮೂಲೆಯನ್ನು ಮಡಚಿ, ಮಡಿಕೆಯ ಮೇಲೆ ಉಗುರೊತ್ತಿ, ಪಕ್ಕಕ್ಕೆ ಸರಿಸಿಬಿಟ್ಟರು. ಚರ್ಮದ ಒಳಪದರಕ್ಕೆ ದಪ್ಪ ಪ್ಲಾಸ್ಟಿಕ್ ಲೇಪಿಸಿದ ಮಾಲು ಅದು, ರೆಕ್ಸಿನ್ನಿಗಿಂತ ಒಂದು ಮೆಟ್ಟಿಲು ಮೇಲೆ ಅಷ್ಟೆ. ನಮಗೆ ಬೇಕಾದದ್ದು ಮೇಲ್ಪದರ ಹಾಗೇ ಉಳಿದಿರುವ, ಕ್ರೋಮ್‌ನಲ್ಲಿ ಹದ ಮಾಡಿದ, 1.1 ಮಿಲಿಮೀಟರ್ ಆಸುಪಾಸಿನ ಚರ್ಮ. ಕುರಿಯದು ನಯವಾಗಿದ್ದರೂ ಬೇಗ ಸವೆಯುತ್ತದೆ. ನಾವು ಆರಿಸಿದ್ದು ಎಳೆಯ ಎಮ್ಮೆಯ ಚರ್ಮ. ಪರ್ಸಿನ ಪಟ್ಟಿಯ ಪಕ್ಕದಲ್ಲಿಟ್ಟರೆ ಮೇಲ್ಮೈ ಒಂದಿಷ್ಟು ಒರಟು, ಬಣ್ಣ ಮಾತ್ರ ಅದೇ. ಬೆನ್ನಿನ ಉದ್ದಕ್ಕೆ ಚರ್ಮ ಕಡಿಮೆ ಹಿಗ್ಗುತ್ತದೆ, ಹೊಟ್ಟೆಯ ಕಡೆ ಸಡಿಲ. ಎಲ್ಲ ಪಟ್ಟಿಗಳನ್ನೂ ಬೆನ್ನಿನ ಹತ್ತಿರದಿಂದ, ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ ಸ್ಟೀರಿಂಗಿನ ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗುತ್ತದೆ. ಚದರ ಅಡಿಯ ಲೆಕ್ಕದಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಕೊಳ್ಳಬೇಕಾದದ್ದು ಇದಕ್ಕಾಗಿ.

ಮನೆಗೆ ತಂದ ಸುರುಳಿಯನ್ನು ನೋಡಿ ಅಮ್ಮ, “ಯಾವ ಪ್ರಾಣಿಯದಪ್ಪಾ?” ಎಂದರು. ಎಮ್ಮೆಯದಮ್ಮ ಎಂದೆ. ಸ್ವಲ್ಪ ಯೋಚಿಸಿ, “ಮೊದಲಿದ್ದದ್ದು?” ಎಂದರು. ಜರ್ಮನಿಯದು ಎಂದೆ. ಅಲ್ಲಿಗೆ ಇಬ್ಬರೂ ಮಾತು ನಿಲ್ಲಿಸಿದೆವು.

ಹಳೆಯ ಚರ್ಮವನ್ನೇ ಹಾಸಿ ಗೆರೆ ಎಳೆದರೆ ಅಳತೆ ಸಿಗುತ್ತದೆಂದು ಹೊರಗಿನವರಿಗೆ ಅನ್ನಿಸುತ್ತದೆ. ನಲವತ್ತು ವರ್ಷ ಹಿಗ್ಗಿ ಕುಗ್ಗಿದ ಚರ್ಮದ ಅಳತೆಯನ್ನು ನಂಬುವಂತಿಲ್ಲ. ಜೋಡಣೆಗಳು ಎಲ್ಲಿ ಬರುತ್ತವೆ ಎಂಬುದಕ್ಕೆ ಮಾತ್ರ ಅದು ಪ್ರಮಾಣ. ನಾನು ಹಿಡಿಯ ಸುತ್ತ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಕಾಗದದ ಟೇಪು ಅಂಟಿಸಿ, ಹೊಲಿಗೆ ಬರುವ ಗೆರೆಯನ್ನೂ ಕಡ್ಡಿಗಳ ಅಂಚನ್ನೂ ಪೆನ್ನಿನಲ್ಲಿ ಗುರುತಿಸಿ, ಬ್ಲೇಡಿನಿಂದ ಸೀಳಿ ತೆಗೆದೆ. ಮೇಜಿನ ಮೇಲೆ ಚಪ್ಪಟೆ ಮಾಡಲು ಹೋದರೆ ಅದು ಒಪ್ಪುವುದಿಲ್ಲ, ಒಂದು ಅಂಚು ನೆರಿಗೆ ಬೀಳುತ್ತದೆ. ಇಡೀ ಕೆಲಸದ ಕಷ್ಟ ಇರುವುದು ಆ ನೆರಿಗೆಯಲ್ಲಿ.

ಲೆಕ್ಕ ಹೀಗಿದೆ. ಸ್ಟೀರಿಂಗಿನ ಹೊರ ವ್ಯಾಸ 400 ಮಿಲಿಮೀಟರ್, ಹಿಡಿಯ ದಪ್ಪ 28. ಹೊರಸುತ್ತು ಸುಮಾರು 1257 ಮಿಲಿಮೀಟರ್, ಒಳಸುತ್ತು 1081. ಒಂದೇ ಚರ್ಮದ ಪಟ್ಟಿ ಹೊರಗೆ ಒಳಗಿಗಿಂತ 17 ಸೆಂಟಿಮೀಟರಿಗೂ ಹೆಚ್ಚು ದೂರ ಸುತ್ತಬೇಕು. ಹೊರಸುತ್ತಿನ ಅಳತೆಗೆ ಕತ್ತರಿಸಿದರೆ ಒಳಗೆಲ್ಲ ಸುಕ್ಕು. ಒಳಸುತ್ತಿನ ಅಳತೆಗೆ ಕತ್ತರಿಸಿದರೆ ಚರ್ಮ ಏರುವುದೇ ಇಲ್ಲ. ಎರಡರ ನಡುವೆ, ಸುಮಾರು 118 ಸೆಂಟಿಮೀಟರಿಗೆ ಕತ್ತರಿಸಿ, ತುಂಡುಗಳನ್ನು ಜೋಡಿಸಿ ಸುತ್ತು ಮಾಡಿ, ಅದನ್ನು ಎಳೆದು ಸ್ಟೀರಿಂಗಿನ ಮೇಲೇರಿಸಬೇಕು. ಆಗ ಹೊರಭಾಗ ಹಿಗ್ಗಿ ಕೂರುತ್ತದೆ, ಒಳಭಾಗದ ಅಲ್ಪಸ್ವಲ್ಪ ಹೆಚ್ಚುವರಿಯನ್ನು ಹೊಲಿಗೆ ನುಂಗಿಕೊಳ್ಳುತ್ತದೆ. ಅಗಲದಲ್ಲೂ ಹಾಗೆಯೇ: ಹಿಡಿಯ ಸುತ್ತಳತೆ 88 ಮಿಲಿಮೀಟರ್ ಇದ್ದರೆ ಪಟ್ಟಿಯ ಅಗಲ 84. ಆ ನಾಲ್ಕು ಮಿಲಿಮೀಟರನ್ನು ದಾರ ಎಳೆದು ಮುಚ್ಚಬೇಕು. ಬಿಗಿ ಎನ್ನುವುದು ಬರುವುದು ಅಲ್ಲಿಂದ.

ಜೋಡಣೆಯ ಜಾಗದಲ್ಲಿ ಎರಡು ಪದರ ಸೇರಿ ದಪ್ಪವಾಗದಂತೆ ಅಂಚನ್ನು ತೆಳ್ಳಗೆ ಹೆರೆಯುವುದು ಉಸ್ತಾದರ ಪಾಲು. ನುಣುಪು ಕಲ್ಲಿನ ಮೇಲೆ ಚರ್ಮವನ್ನು ಬೋರಲು ಹಾಸಿ, ಚರ್ಮ ಕೊಯ್ಯುವ ರಂಪಿಗೆಯನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು ತಳ್ಳುತ್ತಿದ್ದರು. ಉಸಿರು ಬಿಟ್ಟರೆ ಹಾರುವಂಥ ಹೆರಕಲು ಸುರುಳಿ ಸುತ್ತಿಕೊಂಡು ಬರುತ್ತಿತ್ತು. 1.1 ಮಿಲಿಮೀಟರ್ ಅಂಚಿಗೆ ಬರುವಾಗ ಅರ್ಧಕ್ಕಿಳಿಯುತ್ತದೆ. ಇನ್ನೊಂದು ಸಲ ತಳ್ಳಿದರೆ ಹರಿಯುತ್ತದೆ. ಎಲ್ಲಿ ನಿಲ್ಲಬೇಕೆಂದು ಅವರು ಅಳತೆ ಕೋಲಿನಿಂದ ನೋಡಲಿಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊಸಕಿ ನೋಡುತ್ತಿದ್ದರು. ನನ್ನ ಡಿಜಿಟಲ್ ಕ್ಯಾಲಿಪರ್ ಚೀಲದಲ್ಲೇ ಉಳಿಯಿತು.

ಅಂಚಿನ ಯಂತ್ರದ ಹೊಲಿಗೆಯನ್ನು ಪಕ್ಕದ ಬ್ಯಾಗಿನ ಅಂಗಡಿಯ ಭಾರಿ ಯಂತ್ರದಲ್ಲಿ ಹಾಕಿಸಿದೆವು, ನಾಲ್ಕು ಮಿಲಿಮೀಟರಿಗೆ ಒಂದು. ಒಂದೊಂದು ಅಂಚಿಗೂ ಸುಮಾರು 280 ಕುಣಿಕೆ. ಎರಡೂ ಅಂಚಿನ ಎಣಿಕೆ ಒಂದೇ ಇರಬೇಕು. ಒಂದು ಕಡೆ ನಾಲ್ಕೈದು ಹೆಚ್ಚಾದರೂ ಹೊಲಿಗೆ ಓರೆಯಾಗಿ, ಹೋಗ್ತಾ ಹೋಗ್ತಾ ಒಳಸುತ್ತಿನಿಂದ ಪಕ್ಕಕ್ಕೆ ಜಾರಿ ಬೆರಳಿನ ಕೆಳಗೆ ಬಂದು ಕೂರುತ್ತದೆ. ಪ್ರತಿ ಇಪ್ಪತ್ತು ಕುಣಿಕೆಗೊಂದು ಬಿಳಿ ಪೆನ್ಸಿಲ್ಲಿನ ಗುರುತು ಹಾಕಿ, ಎದುರುಬದುರು ಸರಿ ಬರುತ್ತಿದೆಯೇ ಎಂದು ನೋಡುತ್ತ ಸಾಗಿದೆವು.

ಅಂಟಿನ ವಿಷಯದಲ್ಲಿ ಉಸ್ತಾದರಿಗೂ ನನಗೂ ವಾದವಾಯಿತು. ಸುತ್ತಲೂ ಅಂಟು ಹಚ್ಚಿದರೆ ಚರ್ಮ ಅಲುಗುವುದಿಲ್ಲ ಎಂಬುದು ನಾನು ಓದಿಕೊಂಡಿದ್ದ ಪಾಠ. ಕಡ್ಡಿಗಳ ಬಳಿ ಅಂಚು ಮಡಚುವ ಜಾಗ ಬಿಟ್ಟು ಬೇರೆಲ್ಲೂ ಬೇಡ ಎಂದು ಅವರು ಪಟ್ಟು ಹಿಡಿದರು. ಬಿಗಿಯಾಗಿ ಹೊಲಿದರೆ ಅಂಟು ಬೇಕಾಗಿಲ್ಲ, ಸಡಿಲವಾಗಿ ಹೊಲಿದರೆ ಅಂಟು ಉಳಿಸುವುದಿಲ್ಲ. ಮೇಲಾಗಿ ಮುಂದೆ ಇದನ್ನು ಬಿಚ್ಚುವವನಿಗೆ ಫೋಮ್ ಕಿತ್ತು ಬರುತ್ತದೆ. ಹಳೆಯ ಅಂಟು ಕೆರೆದು ಬೆರಳು ನೊಂದಿದ್ದ ನಾನು ಬೇಗನೆ ಸೋತೆ.

ಚರ್ಮದ ಒಳಬದಿಗೆ ನೀರಿನ ಕೈ ಸವರಿ, ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿ, ಮೇಲಿನಿಂದ ಶುರುಮಾಡಿ ಇಬ್ಬರೂ ಎರಡು ಕಡೆ ಎಳೆದು ಕೆಳಗಿಳಿಸಿದೆವು. ಕೊನೆಯ ಗೇಣು ಸುಲಭಕ್ಕೆ ಬಗ್ಗಲಿಲ್ಲ. ಆಮೇಲೆ ಮೇಣ ಹಚ್ಚಿದ 0.8 ಮಿಲಿಮೀಟರಿನ ಪಾಲಿಯೆಸ್ಟರ್ ದಾರ, ಎರಡು ತುದಿಗೂ ಮೊಂಡು ಸೂಜಿ. ಮೊನೆ ಚೂಪಾಗಿದ್ದರೆ ಕುಣಿಕೆಯ ದಾರವನ್ನೇ ಸೀಳುತ್ತದೆ. ಶುರುಮಾಡಿದ್ದು ಕೆಳಗಿನ ಕಡ್ಡಿಯ ಮರೆಯಿಂದ, ಗಂಟು ಕಾಣದಂತೆ. ಬಲಗಡೆಯ ಕುಣಿಕೆ ಎತ್ತು, ಎಡಗಡೆಯದನ್ನು ಎತ್ತು, ಎಳೆ, ಹೆಬ್ಬೆರಳಿನಿಂದ ಅಂಚುಗಳನ್ನು ಒಂದಕ್ಕೊಂದು ತಾಗಿಸು, ಮತ್ತೆ ಎಳೆ. ಬಲ ಹೆಚ್ಚಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ. ನಾನು ಹೊಲಿದ ಗೇಣು, ಅವರು ಹೊಲಿದ ಗೇಣು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಅವರೇನೂ ಅನ್ನಲಿಲ್ಲ, ನನ್ನ ಭಾಗವನ್ನು ಸೂಜಿಯ ತುದಿಯಲ್ಲಿ ಎತ್ತಿ ಎತ್ತಿ ಬಿಗಿ ಸಮ ಮಾಡುತ್ತ ಬಂದರು. ದಾರ ತೋರುಬೆರಳಿನ ಮಡಿಕೆಯನ್ನು ಕೊಯ್ಯುತ್ತದೆ, ಬಟ್ಟೆಯ ಟೇಪು ಸುತ್ತಿಕೊಂಡೇ ಕೂರಬೇಕು. ಕಡ್ಡಿಗಳ ಬಳಿಯ ತೋಡಿಗೆ ಚರ್ಮದ ಅಂಚನ್ನು ತುರುಕಲು ಅವರು ಬಳಸಿದ್ದು ಉಜ್ಜಿ ಚಪ್ಪಟೆ ಮಾಡಿದ ಚಮಚದ ಹಿಡಿ.

ಎರಡು ದಿನ ನೆರಳಿನಲ್ಲಿ ಒಣಗಿಸಿ ಕಾರಿಗೆ ಕೂರಿಸಿದೆ. ಗುರುತಿಗೆ ಗುರುತು ಸೇರಿಸಿ, ಬೋಲ್ಟಿನ ಎಳೆಗಳನ್ನು ಸ್ವಚ್ಛಮಾಡಿ, ಸಡಿಲಾಗದಂತೆ ತಡೆಯುವ ಅಂಟಿನ ಒಂದು ಹನಿ ಹಾಕಿ, ಟಾರ್ಕ್ ಸ್ಪ್ಯಾನರಿನಲ್ಲಿ 80 ನ್ಯೂಟನ್ ಮೀಟರಿಗೆ ಬಿಗಿದೆ. ಹಾರ್ನ್ ಕೂಗುತ್ತದೆಯೇ, ತಿರುವು ಮುಗಿದ ಮೇಲೆ ಇಂಡಿಕೇಟರ್ ತಾನಾಗಿ ಮರಳುತ್ತದೆಯೇ ಎಂದು ನೋಡಿ ರಸ್ತೆಗಿಳಿಸಿದೆ. ಹೊಸ ಚರ್ಮ ಮೊದಮೊದಲು ಕೈಗೆ ಒಣ ಒಣ ಅನ್ನಿಸುತ್ತದೆ, ಜಾರುತ್ತದೆ. ಕೆಲವು ವಾರ ಓಡಿಸಿದ ಮೇಲೆ ಅಂಗೈಗೆ ಹೊಂದಿಕೊಂಡಿತು. ಹಿಡಿ ಅಸಲಿಗಿಂತ ಕೂದಲೆಳೆಯಷ್ಟು ದಪ್ಪವಿದೆ. ನನಗೆ ಗೊತ್ತಾಗುತ್ತದೆ, ಬೇರೆಯವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಹಿಂಡಿದ ಬಟ್ಟೆಯಲ್ಲಿ ಒರೆಸುತ್ತೇನೆ. ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್, ಡ್ಯಾಶ್‌ಬೋರ್ಡಿಗೆ ಹೊಡೆಯುವ ಹೊಳಪಿನ ಸ್ಪ್ರೇ ಯಾವುದೂ ಹತ್ತಿರ ಸುಳಿಯುವಂತಿಲ್ಲ. ಆಯುಧಪೂಜೆಗೆ ಕುಂಕುಮ ಬಾನೆಟ್ಟಿನ ನಕ್ಷತ್ರದ ಬುಡಕ್ಕೆ ಎಂದು ಅಮ್ಮನೊಂದಿಗೆ ಒಪ್ಪಂದವಾಗಿದೆ.

ಇದನ್ನು ನೋಡಿದ ಗೆಳೆಯರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿಯ ಸ್ಟೀರಿಂಗನ್ನು ಹಿಡಿದುಕೊಂಡು ಬಂದರು. ಕಡ್ಡಿಗಳು ಸೇರುವಲ್ಲೆಲ್ಲ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ, ಉಳಿದಿರುವ ಎಮ್ಮೆಯ ಚರ್ಮ ಹೊದಿಸಿಬಿಡೋಣ ಎಂದರು. ಆ ತೆಳ್ಳನೆಯ ಸ್ಟೀರಿಂಗಿಗೆ ಎಂದೂ ಚರ್ಮ ಇರಲಿಲ್ಲ. ಬಿರುಕುಗಳನ್ನು ವಿ ಆಕಾರಕ್ಕೆ ಅಗಲ ಮಾಡಿ ಎಪಾಕ್ಸಿ ತುಂಬಿ, ಉಜ್ಜಿ, ಬಣ್ಣ ಹೊಡೆದರೆ ಸಾಕು ಎಂದು ಹೇಳಿ, ನನ್ನ ಮರಳು ಕಾಗದದ ಕಟ್ಟನ್ನು ಅವರ ಕೈಗೆ ಕೊಟ್ಟೆ. ಸ್ವಲ್ಪ ಬೇಸರದಿಂದಲೇ ತೆಗೆದುಕೊಂಡು ಹೋದರು. ಉಳಿದ ಚರ್ಮದಲ್ಲಿ ಉಸ್ತಾದರು ತಮ್ಮ ಮೊಮ್ಮಗನಿಗೆ ಒಂದು ಬೆಲ್ಟು ಹೊಲಿದಿದ್ದಾರೆ.